ಕೊಳವೆ ಬಾವಿಯಲ್ಲಿ ಅಳೆದ ಸಾಧನೆ

ಪ್ರಾಧ್ಯಾಪಕರ ಸಾಧನೆ ಎಂದರೆ ಪತ್ರಿಕೆಯ ಮೂಲೆಯಲ್ಲಿ ನಾಲ್ಕು ಸಾಲು. ಇಂಥವರಿಗೆ ಪ್ರಶಸ್ತಿ, ಇಂಥವರ ಪ್ರಬಂಧ ವಿದೇಶಿ ಪತ್ರಿಕೆಯಲ್ಲಿ ಪ್ರಕಟ, ಜೊತೆಗೆ ಶಾಲು ಹೊದ್ದ ಭಾವಚಿತ್ರ. ಓದಿದವರು ಪುಟ ತಿರುಗಿಸುತ್ತಾರೆ. ಆ ಪ್ರಬಂಧದಲ್ಲಿ ಏನಿದೆ ಎಂದು ಕೇಳುವವರು ಕಡಿಮೆ. ಆದರೆ ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ತಾಲ್ಲೂಕುಗಳ ಮಟ್ಟಿಗೆ ಅಂಥ ಕೆಲವು ಪ್ರಬಂಧಗಳು ಸಂತೆಯಲ್ಲೂ ಚರ್ಚೆಯಾಗಬೇಕಾದಂಥವು. ಅವುಗಳ ವಿಷಯ ಇಲ್ಲಿನ ನೀರು.

ಈ ಸೀಮೆಗೆ ವರ್ಷವಿಡೀ ಹರಿಯುವ ನದಿಯಿಲ್ಲ. ಹಿರಿಯರು ಕಟ್ಟಿಸಿದ ಕೆರೆಗಳು ಜಿಲ್ಲೆಯಲ್ಲಿ ಎರಡು ಸಾವಿರಕ್ಕೂ ಹೆಚ್ಚು. ಅವು ಬತ್ತಿದಂತೆ ತೆರೆದ ಬಾವಿಗಳು ಬತ್ತಿದವು, ಕೊಳವೆ ಬಾವಿಗಳು ಸಾವಿರ ಅಡಿ ದಾಟಿದವು. ಗ್ರಾನೈಟ್ ಬಂಡೆಯ ಬಿರುಕುಗಳಲ್ಲಿ ದೀರ್ಘಕಾಲ ನಿಂತ ನೀರಿನಲ್ಲಿ ಫ್ಲೋರೈಡ್ ಕರಗಿರುತ್ತದೆ. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದು. ಮೀರಿದ ಊರುಗಳ ಮಕ್ಕಳ ಹಲ್ಲಿನ ಮೇಲೆ ಕಂದು ಕಲೆಗಳು ಮೂಡುತ್ತವೆ.

ಇಂಥ ಸೀಮೆಗೆ 2018ರ ಜೂನ್‌ನಲ್ಲಿ ಬೆಂಗಳೂರಿನಿಂದ ನೀರು ಬಂತು. ಕೋರಮಂಗಲ-ಚಲ್ಲಘಟ್ಟ ಕಣಿವೆಯ ಕೊಳಚೆ ನೀರನ್ನು ಎರಡು ಹಂತದಲ್ಲಿ ಶುದ್ಧೀಕರಿಸಿ, ದಿನಕ್ಕೆ 44 ಕೋಟಿ ಲೀಟರಿನಂತೆ ನೂರಿಪ್ಪತ್ತಕ್ಕೂ ಹೆಚ್ಚು ಕೆರೆಗಳಿಗೆ ಹರಿಸುವುದು ಕೆ.ಸಿ. ವ್ಯಾಲಿ ಯೋಜನೆಯ ಗುರಿ. ಮೊದಲು ತುಂಬಿದ್ದು ಲಕ್ಷ್ಮೀಸಾಗರ ಕೆರೆ. ಜನ ಪೂಜೆ ಸಲ್ಲಿಸಿದರು. ಕೆಲವೇ ವಾರಗಳಲ್ಲಿ ಅದೇ ನೀರಿನಲ್ಲಿ ನೊರೆ ಕಾಣಿಸಿತು. ಪ್ರಕರಣ ಹೈಕೋರ್ಟಿಗೆ ಹೋಯಿತು, ಅಲ್ಲಿಂದ ಸುಪ್ರೀಂ ಕೋರ್ಟಿಗೆ. ತಡೆಯಾಜ್ಞೆಗಳು ಬಂದವು, ತೆರವಾದವು. ಊರಿನ ಕಟ್ಟೆಗಳ ಮೇಲೆ ಎರಡು ಪಕ್ಷಗಳಾದವು. ‘ನೀರು ಬಂತಲ್ಲ, ಅಷ್ಟೇ ಸಾಕು’ ಎನ್ನುವವರು ಒಂದು ಕಡೆ, ‘ಬೆಂಗಳೂರಿನ ಬಚ್ಚಲು ನಮಗೇಕೆ’ ಎನ್ನುವವರು ಇನ್ನೊಂದು ಕಡೆ.

ಇಬ್ಬರ ಮಾತೂ ಮಾತೇ ಆಗಿ ಉಳಿಯುತ್ತಿತ್ತು, ಅಳೆಯುವವರು ಬಾರದೆ ಹೋಗಿದ್ದರೆ. ಬಂದವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು. ಅಲ್ಲಿನ ಸುಸ್ಥಿರ ತಂತ್ರಜ್ಞಾನ ಕೇಂದ್ರ ಹಳ್ಳಿಗರಿಗೆ ಹೊಸದಲ್ಲ. 1974ರಲ್ಲಿ ‘ಅಸ್ತ್ರ’ ಎಂಬ ಹೆಸರಿನಲ್ಲಿ ಹುಟ್ಟಿ, ಹೊಗೆ ಕಡಿಮೆ ಮಾಡುವ ಅಸ್ತ್ರ ಒಲೆಯನ್ನು ಕರ್ನಾಟಕದ ಅಡುಗೆಮನೆಗಳಿಗೆ ತಲುಪಿಸಿದ್ದು ಇದೇ ಕೇಂದ್ರ. ಅಲ್ಲಿನ ಲಕ್ಷ್ಮೀನಾರಾಯಣ ರಾವ್, ಎಚ್.ಎನ್. ಚಾಣಕ್ಯ, ಸಿವಿಲ್ ಎಂಜಿನಿಯರಿಂಗ್ ವಿಭಾಗದ ಎಂ.ಎಸ್. ಮೋಹನ್‌ಕುಮಾರ್ ಮೊದಲಾದವರು ಕಿರಿಯ ಸಂಶೋಧಕರೊಡನೆ ಕೆರೆಯ ನೀರು, ಕೊಳವೆ ಬಾವಿಯ ನೀರು, ಹೊಲದ ಮಣ್ಣು, ಬೆಳೆ ಇವುಗಳನ್ನು ಪರೀಕ್ಷಿಸಿದರು. 2023ರಲ್ಲಿ ಅವರ ಪ್ರಬಂಧಗಳು ಅಂತರರಾಷ್ಟ್ರೀಯ ಪತ್ರಿಕೆಗಳಲ್ಲಿ ಪ್ರಕಟವಾದವು. ಅವುಗಳ ಸಾರ ಇಷ್ಟು: ಕೆರೆ ತುಂಬಿದ ಕಡೆ ಅಂತರ್ಜಲ ಮೇಲೆ ಬಂದಿದೆ, ಬೆಳೆ, ಹೈನು, ಮೀನುಗಾರಿಕೆ ಹೆಚ್ಚಿವೆ.

ಆ ವರ್ಷಗಳಲ್ಲಿ ಮಳೆಯೂ ಚೆನ್ನಾಗಿ ಬಂತಲ್ಲ, ಏರಿದ ನೀರು ಮಳೆಯದೋ ಕೊಳವೆಯದೋ ಎಂದು ಯಾರಾದರೂ ಕೇಳಬಹುದು. ಕೇಳಲೇಬೇಕಾದ ಪ್ರಶ್ನೆ. ಇದಕ್ಕೆ ವಿಜ್ಞಾನದ ಬಳಿ ಇರುವ ಉಪಾಯ ಹೋಲಿಕೆ. ಯೋಜನೆಗೆ ಮುಂಚಿನ ಮಟ್ಟಕ್ಕೂ ಈಗಿನ ಮಟ್ಟಕ್ಕೂ, ನೀರು ಬಂದ ಕೆರೆಯ ಸುತ್ತಲಿನ ಬಾವಿಗೂ ಬಾರದ ಕೆರೆಯ ಬಾವಿಗೂ ಹೋಲಿಸಬೇಕು. ಮಳೆ ಎರಡೂ ಕಡೆ ಬೀಳುತ್ತದೆ. ಪೈಪಿನ ನೀರು ಒಂದೇ ಕಡೆ ಬರುತ್ತದೆ. ವರ್ಷಗಟ್ಟಲೆ ಇಂಥ ಲೆಕ್ಕ ಇಡುವುದು ಬೇಸರದ ಕೆಲಸ. ಅದನ್ನು ಬೇಸರಿಸದೆ ಮಾಡುವುದೇ ಸಾಧನೆ.

ಆದರೆ ಇದೇ ಸಂಸ್ಥೆಯ ಮತ್ತೊಬ್ಬ ವಿಜ್ಞಾನಿ ಟಿ.ವಿ. ರಾಮಚಂದ್ರ ಬೇರೊಂದು ಮಾತು ಹೇಳುತ್ತ ಬಂದಿದ್ದಾರೆ. ಬೆಳ್ಳಂದೂರು, ವರ್ತೂರು ಕೆರೆಗಳ ನೊರೆಯನ್ನು ವರ್ಷಗಟ್ಟಲೆ ಅಧ್ಯಯನ ಮಾಡಿದವರು ಅವರು. ಎರಡು ಹಂತದ ಶುದ್ಧೀಕರಣ ಸಾಲದು, ಮೂರನೆಯ ಹಂತವೂ ಬೇಕು ಎಂಬುದು ಅವರ ವಾದ. ಮೊದಲ ಹಂತದಲ್ಲಿ ಗಟ್ಟಿ ಕಸ ತಳಕ್ಕಿಳಿಯುತ್ತದೆ. ಎರಡನೆಯದರಲ್ಲಿ ಬ್ಯಾಕ್ಟೀರಿಯಾ ಸಾವಯವ ಕೊಳೆಯನ್ನು ತಿನ್ನುತ್ತವೆ. ಇಷ್ಟಾದರೂ ಸಾರಜನಕ, ರಂಜಕ, ಬಟ್ಟೆ ಸೋಪಿನ ಶೇಷ, ಕಾರ್ಖಾನೆಯ ನೀರು ಬೆರೆತಿದ್ದರೆ ಲೋಹಗಳ ಅಂಶ ಉಳಿಯಬಹುದು.

ಹಾಗಾದರೆ ಇಬ್ಬರಲ್ಲಿ ಯಾರು ಸರಿ? ಇದು ವಾಲಿ-ಸುಗ್ರೀವರ ಕಾಳಗವಲ್ಲ. ಒಬ್ಬರು ನೀರು ಎಷ್ಟು ಏರಿತು, ಅದರಿಂದ ಏನಾಯಿತು ಎಂದು ಅಳೆದರು. ಇನ್ನೊಬ್ಬರು ಅದರೊಳಗೆ ಏನು ಉಳಿದೀತು ಎಂದು ಎಚ್ಚರಿಸಿದರು. ರೈತನಿಗೆ ಎರಡೂ ಬೇಕು. ಕೆರೆಯ ತಳದ ಮಣ್ಣು ಒಳ್ಳೆಯ ಸೋಸುವ ಬಟ್ಟೆ ಎಂಬುದು ನಿಜ. ಕೆರೆಯಿಂದ ನೇರವಾಗಿ ನೀರೆತ್ತದೆ, ಇಂಗಿದ ಮೇಲೆ ಬಾವಿಯಿಂದ ಎತ್ತಬೇಕೆಂಬ ನಿಯಮ ಇರುವುದು ಅದಕ್ಕೇ. ಆದರೆ ಸೋಸುವ ಬಟ್ಟೆಯೂ ಒಂದು ದಿನ ಕಟ್ಟಿಕೊಳ್ಳುತ್ತದೆ. ಹೊಸ ನೀರು ಬೆರೆತು ಫ್ಲೋರೈಡ್ ತಗ್ಗಿದರೆ ಸಂತೋಷ. ಅದರ ಜಾಗಕ್ಕೆ ನೈಟ್ರೇಟ್ ಬಂದು ಕೂತರೆ? ಅದರ ಮಿತಿ ಲೀಟರಿಗೆ 45 ಮಿಲಿಗ್ರಾಂ. ಮೀರಿದರೆ ಹಾಲುಗೂಸುಗಳಿಗೆ ಅಪಾಯ. ಬರಿಗಣ್ಣಿಗೆ ಎರಡೂ ಕಾಣುವುದಿಲ್ಲ, ನಾಲಗೆಗೂ ತಿಳಿಯುವುದಿಲ್ಲ. ಇವತ್ತಿನ ಅಳತೆ ಇವತ್ತಿಗೆ ಮಾತ್ರ ಸಾಕ್ಷಿ. ಹತ್ತು ವರ್ಷದ ಮೇಲಿನ ನೀರಿಗೆ ಹತ್ತು ವರ್ಷದ ಮೇಲೂ ಅಳೆಯಬೇಕು.

ಒಂದು ಕೊರತೆಯನ್ನು ಮಾತ್ರ ಹೇಳಲೇಬೇಕು. ಈ ಪ್ರಬಂಧಗಳೆಲ್ಲ ಇಂಗ್ಲಿಷಿನಲ್ಲಿವೆ. ನೀರಿನ ಮಾದರಿ ಕೊಟ್ಟ ಬಾವಿಯ ಯಜಮಾನ, ತನ್ನ ಬಾವಿಯಲ್ಲಿ ಏನು ಸಿಕ್ಕಿತು ಎಂದು ತನ್ನ ಭಾಷೆಯಲ್ಲಿ ಓದುವಂತಾಗಬೇಡವೇ? ಪಂಚಾಯಿತಿಯ ಗೋಡೆಯ ಮೇಲೆ ಜಮಾಖರ್ಚು ಬರೆಯುವ ಕಡೆ ಇನ್ನು ನಾಲ್ಕು ಸಾಲಿಗೆ ಜಾಗವಿದೆ: ನೀರಿನ ಮಟ್ಟ, ಫ್ಲೋರೈಡ್, ನೈಟ್ರೇಟ್, ಅಳೆದ ತಾರೀಖು. ಊರಿನ ಪ್ರೌಢಶಾಲೆಯ ಮಕ್ಕಳು ಮೇಷ್ಟರ ಜೊತೆ ಹೋಗಿ, ಹಗ್ಗಕ್ಕೆ ಭಾರ ಕಟ್ಟಿ, ಹಳೆಯ ಕೊಳವೆ ಬಾವಿಯೊಂದರ ನೀರಿನ ಆಳವನ್ನು ತಿಂಗಳಿಗೊಮ್ಮೆ ನೋಡಿ ಬರೆದಿಡಬಹುದು. ಖರ್ಚು ಹಗ್ಗದ್ದು ಮಾತ್ರ. ಅಳೆದ ಮೇಲೆ ಬಾವಿಯ ಬಾಯಿ ಮುಚ್ಚುವುದನ್ನು ಮರೆಯಬಾರದು.

ಶ್ರೀನಿವಾಸಪುರದ ಮಾವಿಗೂ ಮಾಲೂರಿನ ತರಕಾರಿಗೂ ಬೇಕಾದ್ದು ನೀರು. ಆ ನೀರನ್ನು ನಂಬಬಹುದೋ ಬಾರದೋ ಎಂದು ಹೇಳಬಲ್ಲವರು ಬಾಟಲಿ ಹಿಡಿದು ಊರಿಗೆ ಬಂದಾಗ ಒಂದು ಲೋಟ ಮಜ್ಜಿಗೆ ಕೊಟ್ಟು ಕೂರಿಸಿ, ‘ಹೋದ ಸಲದ್ದು ಎಷ್ಟು ಬಂತು ಸ್ವಾಮಿ?’ ಎಂದು ಕೇಳಿದರೆ ಆಯಿತು. ಅವರಿಗೆ ಅದೇ ಶಾಲು, ಅದೇ ಹಾರ.