ಮರಿಗೆ ಭೇದಿಯಾದರೆ ಮೊದಲು ನೀರು

ಆಡಿನ ಮರಿಗೆ ಭೇದಿ ಶುರುವಾಯ್ತು ಅಂದ್ರೆ ನಮ್ಮ ಕಡೆ ಮಾಡೋದು ಎರಡೇ ಕೆಲಸ. ಹಾಲು ಬಿಡಿಸೋದು, ಜಂತಿನ ಔಷಧಿ ಕುಡಿಸೋದು. ಎರಡೂ ದುಡುಕು ಅನ್ನೋದು ನನ್ನ ವಾದ.

ಹಾಲೂ ಇಲ್ಲದಿದ್ರೆ ಮರಿಗೆ ಶಕ್ತಿ ಎಲ್ಲಿಂದ ಬರಬೇಕು ಸ್ವಾಮಿ? ಭೇದಿಯಾದ ಮರಿ ಸಾಯೋದು ಹೆಚ್ಚಾಗಿ ಮೈಯ ನೀರು, ಉಪ್ಪು ಹೋಗಿ. ಕತ್ತಿನ ಚರ್ಮ ಚಿವುಟಿ ಬಿಡಿ. ತಕ್ಷಣ ಕೂರದೆ ಹಾಗೇ ನಿಂತರೆ ನೀರು ಬತ್ತಿದೆ ಅಂತ. 1 ಲೀಟರ್ ಕಾಯಿಸಿ ಆರಿಸಿದ ನೀರಿಗೆ ಮಟ್ಟಸವಾಗಿ 6 ಟೀ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಉಗುರುಬೆಚ್ಚಗೆ, ಸ್ವಲ್ಪ ಸ್ವಲ್ಪವೇ, ಹಲವು ಸಲ. ಹಾಲಿಗೆ ಬೆರೆಸಬೇಡಿ, ನಡುನಡುವೆ ಬೇರೆ ಕೊಡಿ. ಬಾಯಿ ತಣ್ಣಗಾಗಿ ಚೀಪಲಾರದ ಮರಿಗೆ ಮಾತ್ರ ಸುರಿಯಲೇಬೇಡಿ, ಶ್ವಾಸಕೋಶಕ್ಕೆ ಹೋಗುತ್ತೆ. ಗೋಣಿಚೀಲ ಹೊದಿಸಿ ಬೆಚ್ಚಗಿಟ್ಟು ಡಾಕ್ಟರನ್ನು ಕರೀರಿ.

ಇನ್ನು ಜಂತಿನ ಔಷಧಿ. 3 ವಾರ ದಾಟಿದ ಮರಿಗಳಿಗೆ ಭೇದಿ, ಕೆಲವೊಮ್ಮೆ ರಕ್ತಭೇದಿ ತರೋ ಕಾಕ್ಸಿಡಿಯಾ ಜಂತುವೇ ಅಲ್ಲ, ಏಕಕೋಶ ಜೀವಿ. ಆ ಔಷಧಿ ಅದಕ್ಕೆ ನಾಟೋದಿಲ್ಲ, ಬೇರೆ ಔಷಧಿಯೇ ಬೇಕು. ಅದು ಹರಡೋದು ಹಿಕ್ಕೆ ಬಿದ್ದ ಒದ್ದೆ ನೆಲದಿಂದ. ಬಾಟಲಿ ತರೋಕೆ ಪೇಟೆಗೆ ಓಡೋರು ಒಂದು ಸಲ ರೊಪ್ಪದ ನೆಲ ಮುಟ್ಟಿ ನೋಡಬಾರದೇ? ಎರಡೇ ಆಡು ಇರೋ ಮನೆಗೆ ಒಂದು ಮರಿ ಅಂದ್ರೆ ಮಕ್ಕಳ ಸ್ಕೂಲ್ ಫೀಸು!

ಹಾಲು ಬಿಡಿಸಲೇಬೇಕು ಅನ್ನೋರು ಬನ್ನಿ, ಜಗಳ ಆಡೋಣ :-)