ಕಣ್ಣಿನ ಪಯಣ, ಕಾಲಿನ ತಕರಾರು

ವರ್ಚುವಲ್ ರಿಯಾಲಿಟಿ ಆಟಗಳನ್ನು ಮೆಚ್ಚುವವರು ಹೆಚ್ಚಾಗಿ ಅವುಗಳ ಚಿತ್ರವೈಭವವನ್ನೇ ಹೊಗಳುತ್ತಾರೆ. 1968ರಲ್ಲಿ ಐವನ್ ಸದರ್ಲೆಂಡ್ ಅವರು ಮಾಳಿಗೆಯಿಂದ ಇಳಿಬಿಟ್ಟ ಶಿರೋಯಂತ್ರವು ತೋರಿಸಿದ್ದು ಬರಿಯ ಗೆರೆಗಳ ಆಕೃತಿಗಳನ್ನು. ಇಂದಿನ ಯಂತ್ರವಾದರೋ ಕಣ್ಣೆದುರು ಒಂದು ಲೋಕವನ್ನೇ ತೆರೆದಿಡುತ್ತದೆ. ಆದರೆ ಆ ಲೋಕದಲ್ಲಿ ನಡೆಯುವ ಬಗೆ ಹೇಗೆ? ಆಟದ ತನ್ಮಯತೆಯು ನೋಟದ ಸೊಬಗಿಗಿಂತ ಈ ಪ್ರಶ್ನೆಗೆ ದೊರೆಯುವ ಉತ್ತರವನ್ನೇ ಹೆಚ್ಚಾಗಿ ಅವಲಂಬಿಸಿದೆಯೆಂದು ನನ್ನ ಅಭಿಮತ.

ಕೈಹಿಡಿಕೆಯ ಮೇಲಿನ ಜಾಯ್‌ಸ್ಟಿಕ್ಕನ್ನು ಹೆಬ್ಬೆರಳಿನಿಂದ ತಳ್ಳಿದರೆ ಆಟಗಾರನು ಮುಂದೆ ಸಾಗಿದಂತೆ ಕಾಣುತ್ತದೆ. 'ನಡೆದೆ' ಎನ್ನುತ್ತದೆ ಕಣ್ಣು. 'ನಿಂತಲ್ಲೇ ಇದ್ದೇನೆ' ಎನ್ನುತ್ತದೆ ದೇಹದ ಸಮತೋಲವನ್ನು ಕಾಯುವ ಒಳಗಿವಿ. ಸಾಕ್ಷಿಗಳಿಬ್ಬರೂ ಪರಸ್ಪರ ವಿರುದ್ಧವಾಗಿ ನುಡಿದಾಗ ಹಲವರಿಗೆ ತಲೆ ಸುತ್ತುತ್ತದೆ, ಹೊಟ್ಟೆ ತೊಳಸುತ್ತದೆ. ಇದು ಆಟಗಾರನ ದೌರ್ಬಲ್ಯವಲ್ಲ. ಮೋಸಹೋಗಲೊಲ್ಲದ ದೇಹದ ತಕರಾರು.

ಇದಕ್ಕೆ ಪರಿಹಾರವಾಗಿ ಬಂದುದು ಟೆಲಿಪೋರ್ಟ್. ಬೇಕಾದೆಡೆಗೆ ಗುರಿಯಿಟ್ಟರೆ ಸಾಕು, ಮರುಕ್ಷಣವೇ ಅಲ್ಲಿರುತ್ತೇವೆ. ನಡುವಣ ಚಲನೆ ಕಾಣದುದರಿಂದ ತಲೆಸುತ್ತು ಕಡಿಮೆಯಾಗುತ್ತದೆ. ಆದರೆ ದಾರಿ ಸವೆಸಿದ ಅನುಭವವೂ ಇಲ್ಲವಾಗುತ್ತದೆ. ಯಕ್ಷಗಾನದಲ್ಲಿಯೂ ವೇಷಧಾರಿಯು ಪುಟ್ಟ ರಂಗಸ್ಥಳದಲ್ಲೇ ಕುಣಿದು ಸುತ್ತು ಹಾಕಿ ದೂರದ ಊರನ್ನು ಸೇರುತ್ತಾನಲ್ಲವೆ, ಎಂದು ಕೇಳಬಹುದು. ಅಹುದು, ಆದರೆ ಅಲ್ಲಿ ಕಾಲು ದುಡಿದಿರುತ್ತದೆ. ಸಂಕೇತದಿಂದ ರಸಭಂಗವಾಗುವುದಿಲ್ಲ, ದೇಹವನ್ನು ಹೊರಗಿಟ್ಟರೆ ಆಗುತ್ತದೆ.

ಹಾಗಾದರೆ ನಿಜವಾಗಿಯೇ ನಡೆಯೋಣವೆಂದರೆ ಗೋಡೆ ಅಡ್ಡಬರುತ್ತದೆ. 2016ರಲ್ಲಿ ಬಂದ ಎಚ್‌ಟಿಸಿ ವೈವ್ ಕೋಣೆಯೊಳಗೆ ಓಡಾಡಿ ಆಡಲು ಅನುವು ಮಾಡಿತು. ಅದಕ್ಕೆ ಕನಿಷ್ಠ 2 ಮೀಟರ್ ಉದ್ದ, 1.5 ಮೀಟರ್ ಅಗಲದ ಬರಿದಾದ ಸ್ಥಳ ಬೇಕು. ಕಾಣುವ ಲೋಕ ಅಪಾರ, ದೊರೆತ ನೆಲ ನಾಲ್ಕು ಹೆಜ್ಜೆ! ಈ ಮಿತಿಯನ್ನು ಒಪ್ಪಿಕೊಂಡು ಗೆದ್ದುದು 2018ರಲ್ಲಿ ಬಂದ 'ಬೀಟ್ ಸೇಬರ್'. ಇಲ್ಲಿ ಆಟಗಾರನು ಎಲ್ಲಿಗೂ ಹೋಗಬೇಕಾಗಿಲ್ಲ; ಸಂಗೀತದ ಲಯಕ್ಕೆ ಸರಿಯಾಗಿ ಎದುರಿನಿಂದ ಬರುವ ಘನಗಳನ್ನು ಅವನು ಕೈಬೀಸಿ ಸೀಳುತ್ತಾನೆ, ಗೋಡೆ ಬಂದರೆ ಬಾಗುತ್ತಾನೆ. ಕಣ್ಣು ಕಂಡುದನ್ನೇ ಮೈಯೂ ಮಾಡುತ್ತದೆ. ಕಂದಪದ್ಯದ ನಾಲ್ಕು ಪಾದಗಳು ಕವಿಗೆ ಸೆರೆಮನೆಯಾಗದಂತೆ, ಇಲ್ಲಿ ಕೋಣೆಯೂ ಸೆರೆಮನೆಯಾಗಿಲ್ಲ.

ಆದರೆ ದೈಹಿಕ ಶ್ರಮವೇ ತನ್ಮಯತೆಯೆಂದು ಸೂತ್ರ ಕಟ್ಟುವುದೂ ಅನ್ಯಾಯ. ನಿಲ್ಲಲಾರದವರಿದ್ದಾರೆ, ಒಂದೇ ಕೈಯುಳ್ಳವರಿದ್ದಾರೆ. ಬರಿದಾದ ಕೋಣೆಯೆಂಬುದು ಎಲ್ಲರ ಮನೆಯಲ್ಲಿ ಇರತಕ್ಕದ್ದೂ ಅಲ್ಲ. 2020ರ 'ಹಾಫ್-ಲೈಫ್: ಅಲಿಕ್ಸ್' ಈ ವಿಷಯದಲ್ಲಿ ವಿವೇಕ ತೋರಿತು. ಅದರಲ್ಲಿ ಟೆಲಿಪೋರ್ಟ್ ಉಂಟು, ಎಡೆಬಿಡದ ನಡಿಗೆಯೂ ಉಂಟು. ನಿಂತು ಆಡಬಹುದು, ಕುಳಿತು ಆಡಬಹುದು, ಒಂದೇ ಕೈಯಿಂದಲೂ ಆಡಬಹುದು. ಇಂಥ ಆಯ್ಕೆಗಳನ್ನು ಕೆಲವರು ಅಶಕ್ತರಿಗೆ ತೋರಿದ ರಿಯಾಯಿತಿಯೆಂದು ಭಾವಿಸುವುದುಂಟು. ನನಗೆ ಹಾಗೆ ತೋರುವುದಿಲ್ಲ. ದೇಹ ದೇಹಕ್ಕೂ ಭೇದವಿರುವಲ್ಲಿ ಒಪ್ಪಿಗೆಯ ದಾರಿಯೂ ಬೇರೆ ಬೇರೆಯಾಗಿರಲೇಬೇಕು. ಯಂತ್ರ ನಿರ್ಮಿಸುವವರು ಚಿತ್ರವನ್ನು ಇನ್ನಷ್ಟು ಹೊಳಪುಗೊಳಿಸುವ ಮುನ್ನ, ಅದನ್ನು ತೊಟ್ಟು ನಿಂತ ಅಥವಾ ಕುಳಿತ ಮನುಷ್ಯನ ಮೈಯನ್ನು ಒಮ್ಮೆ ವಿಚಾರಿಸಲಿ.