ಡಬಲ್ಸ್ ಎರಡನೇ ದರ್ಜೆಯ ಆಟವಲ್ಲ

2024ರ ಜನವರಿ 27ರ ರಾತ್ರಿ. ಮೆಲ್ಬರ್ನ್‌ನ ರಾಡ್ ಲೇವರ್ ಅರೆನಾದಲ್ಲಿ ಮಹಿಳಾ ಸಿಂಗಲ್ಸ್ ಫೈನಲ್ ಮುಗಿದ ಮೇಲೆ ಪುರುಷರ ಡಬಲ್ಸ್ ಫೈನಲ್ ಶುರುವಾಯಿತು. ಒಂದು ಕಡೆ ಕೊಡಗಿನ ರೋಹನ್ ಬೋಪಣ್ಣ ಮತ್ತು ಆಸ್ಟ್ರೇಲಿಯದ ಮ್ಯಾಥ್ಯೂ ಎಬ್ಡೆನ್, ಇನ್ನೊಂದು ಕಡೆ ಇಟಲಿಯ ಸಿಮೋನೆ ಬೊಲೆಲ್ಲಿ ಮತ್ತು ಆಂಡ್ರಿಯಾ ವವಾಸ್ಸೊರಿ. ಮೊದಲ ಸೆಟ್‌ನಲ್ಲಿ ಯಾರೂ ತಮ್ಮ ಸರ್ವ್ ಬಿಟ್ಟುಕೊಡಲಿಲ್ಲ. 6–6. ಟೈಬ್ರೇಕ್‌ನಲ್ಲಿ ಮಾತ್ರ ಬೋಪಣ್ಣ–ಎಬ್ಡೆನ್ ಒಂದರ ಹಿಂದೊಂದರಂತೆ ಏಳು ಪಾಯಿಂಟ್ ಬಾಚಿಕೊಂಡರು, ಎದುರಾಳಿಗೆ ಒಂದೂ ಸಿಗಲಿಲ್ಲ. ಎರಡನೇ ಸೆಟ್ 7–5. ಅಲ್ಲಿಗೆ 43 ವರ್ಷದ ಬೋಪಣ್ಣ, ಓಪನ್ ಯುಗದಲ್ಲಿ ಪುರುಷರ ಗ್ರ್ಯಾನ್‌ಸ್ಲಾಮ್ ಗೆದ್ದ ಅತಿ ಹಿರಿಯ ಆಟಗಾರರಾದರು. ಅದಕ್ಕೂ ಮುಂಚಿನ ದಾಖಲೆ, 2022ರ ಫ್ರೆಂಚ್ ಓಪನ್ ಡಬಲ್ಸ್ ಗೆದ್ದ ಜೀನ್ ಜೂಲಿಯನ್ ರೋಜರ್ ಅವರದ್ದು. ಆಗ ಅವರಿಗೆ 40.

ಆ ಗೆಲುವಿನ ಸುದ್ದಿಯಲ್ಲಿ ವಯಸ್ಸಿನದೇ ದೊಡ್ಡ ಮಾತಾಯಿತು. ಆಟದ ಮಾತು ಹಿಂದೆ ಉಳಿಯಿತು.

ಆ ಹದಿನೈದು ದಿನ ನಡೆದದ್ದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಡಬಲ್ಸ್ ಡ್ರಾದಲ್ಲಿ 64 ಜೋಡಿ, ಪ್ರಶಸ್ತಿಗೆ ಆರು ಗೆಲುವು. ಎರಡನೇ ಶ್ರೇಯಾಂಕದ ಬೋಪಣ್ಣ–ಎಬ್ಡೆನ್ ಮೊದಲ ಸುತ್ತಿನಲ್ಲೇ ಸ್ಥಳೀಯರಾದ ಜೇಮ್ಸ್ ಡಕ್‌ವರ್ತ್ ಮತ್ತು ಮಾರ್ಕ್ ಪೋಲ್ಮನ್ಸ್ ಎದುರು ಮೂರನೇ ಸೆಟ್‌ನ ಟೈಬ್ರೇಕ್‌ವರೆಗೆ ಹೋಗಬೇಕಾಯಿತು. ಕ್ವಾರ್ಟರ್ ಫೈನಲ್‌ನಲ್ಲಿ ಅರ್ಜೆಂಟೀನಾದ ಗೊನ್ಸಾಲೆಜ್–ಮೊಲ್ಟೆನಿ ಜೋಡಿಯನ್ನು ಮಣಿಸಿದಾಗಲೇ ಬೋಪಣ್ಣಗೆ ವಿಶ್ವದ ನಂಬರ್ ಒನ್ ಸ್ಥಾನ ಖಾತ್ರಿಯಾಯಿತು. ಸೆಮಿಫೈನಲ್‌ನಲ್ಲಿ ಚೆಕ್ ಗಣರಾಜ್ಯದ ಮಚಾಚ್, ಚೀನಾದ ಜಾಂಗ್ ಜಿಜೆನ್. ಇಬ್ಬರೂ ಸಿಂಗಲ್ಸ್ ಆಟಗಾರರು, ಹರೆಯದ ಬಲ, ಬಿರುಸಾದ ಹೊಡೆತ. ಅಲ್ಲಿಯೂ ಪಂದ್ಯ ಮೂರನೇ ಸೆಟ್‌ನ ಟೈಬ್ರೇಕ್‌ಗೆ ಬಂತು. 10–7ರಲ್ಲಿ ಬೋಪಣ್ಣ ಜೋಡಿ ದಾಟಿಕೊಂಡಿತು.

ಇಂಥ ಕಡೆಯೇ ಡಬಲ್ಸ್‌ನ ವಿದ್ಯೆ ಕಾಣುವುದು. ಸಿಂಗಲ್ಸ್‌ನಲ್ಲಿ 8.23 ಮೀಟರ್ ಅಗಲದ ಅಂಗಣ ಡಬಲ್ಸ್‌ಗೆ 10.97 ಮೀಟರ್ ಆಗುತ್ತದೆ. ಜಾಗ ಹೆಚ್ಚಿದಂತೆ ಕಂಡರೂ ನೆಟ್ ಬಳಿ ಒಬ್ಬ ನಿಂತಿರುವುದರಿಂದ ಚೆಂಡು ಕಳಿಸಲು ಸಿಗುವ ಸಂದು ಕಿರಿದು. ಸರ್ವ್ ಆಗುವ ಮೊದಲೇ ಮುಂದೆ ನಿಂತವನು ಬೆನ್ನ ಹಿಂದೆ ಬೆರಳಿನ ಸನ್ನೆ ಮಾಡಿ, ತಾನು ಅಡ್ಡ ಹಾಯುವನೋ ಅಲ್ಲೇ ನಿಲ್ಲುವನೋ ಎಂಬುದನ್ನು ಜೊತೆಗಾರನಿಗೆ ತಿಳಿಸುತ್ತಾನೆ. ರಿಟರ್ನ್ ಮಾಡುವವನು ಅದನ್ನು ಊಹಿಸಿ ಕಾಲ ಬುಡಕ್ಕೆ ಹೊಡೆಯಬೇಕು, ಇಲ್ಲವೇ ತಲೆಯ ಮೇಲೆ ಎತ್ತಬೇಕು. ಅನೇಕ ಪಾಯಿಂಟ್‌ಗಳು ನಾಲ್ಕು ಹೊಡೆತದೊಳಗೆ ಮುಗಿಯುತ್ತವೆ. ಬೇಸ್‌ಲೈನ್‌ನಲ್ಲಿ ನಿಂತು ತಾಸುಗಟ್ಟಲೆ ಹೊಡೆಯಬಲ್ಲವರಿಗೆಲ್ಲ ಇದು ಸಾಧ್ಯವಾಗುವುದಿಲ್ಲ.

‘ಸಿಂಗಲ್ಸ್‌ನಲ್ಲಿ ಆಗದವರು ಡಬಲ್ಸ್ ಆಡುತ್ತಾರೆ’ ಎನ್ನುವ ಮಾತು ಹಳೆಯದು. ಬೋಪಣ್ಣ ಸಿಂಗಲ್ಸ್‌ನಲ್ಲಿ ತಲುಪಿದ ಅತ್ಯುತ್ತಮ ರ‍್ಯಾಂಕ್ 213, ಅದು ನಿಜ. ಆದರೆ ಅಲ್ಲಿಂದ ಡಬಲ್ಸ್‌ನ ತುದಿಗೆ ಹೋಗಲು ಅವರು ಕೊಟ್ಟ ಬೆಲೆಯೂ ನಿಜ. 2010ರಲ್ಲಿ ಪಾಕಿಸ್ತಾನದ ಐಸಾಮ್ ಉಲ್ ಹಕ್ ಖುರೇಷಿ ಜೊತೆ ಅಮೆರಿಕ ಓಪನ್ ಫೈನಲ್ ಆಡಿ, ಬ್ರಯಾನ್ ಸಹೋದರರೆದುರು ಎರಡು ಟೈಬ್ರೇಕ್‌ಗಳಲ್ಲಿ ಸೋತರು. ಮತ್ತೆ ಅಂಥ ಫೈನಲ್ ಸಿಕ್ಕಿದ್ದು ಹದಿಮೂರು ವರ್ಷದ ನಂತರ, 2023ರಲ್ಲಿ. ಆ ಪಂದ್ಯದ ನಿರ್ಣಾಯಕ ಸೆಟ್‌ನಲ್ಲಿ ಚೆಂಡು ತಮ್ಮ ತೋಳಿಗೆ ತಾಗಿತೆಂದು ತಾವಾಗಿ ಅಂಪೈರ್‌ಗೆ ಹೇಳಿ ಪಾಯಿಂಟ್ ಬಿಟ್ಟುಕೊಟ್ಟರು. ಪಂದ್ಯವನ್ನೂ ಸೋತರು. ನಡುವೆ 2021ರಲ್ಲಿ ಐದು ತಿಂಗಳು ಒಂದೂ ಗೆಲುವಿಲ್ಲದೆ, ಆಟ ಬಿಡುವ ಯೋಚನೆಯನ್ನು ಹೆಂಡತಿಗೆ ವಿಡಿಯೊ ಸಂದೇಶದಲ್ಲಿ ಹೇಳಿಕೊಂಡಿದ್ದರು. ಮೊಣಕಾಲಿನ ಮೃದ್ವಸ್ಥಿ ಸವೆದುಹೋಗಿತ್ತು. ಅಯ್ಯಂಗಾರ್ ಯೋಗ ಹಿಡಿದು ಕಾಲು ಸರಿಮಾಡಿಕೊಂಡು ಮತ್ತೆ ಅಂಗಣಕ್ಕಿಳಿದರು. ಇಷ್ಟೆಲ್ಲ ಮಾಡಿದವರನ್ನು ‘ಡಬಲ್ಸ್ ಆಟಗಾರ ಅಷ್ಟೇ’ ಎನ್ನುವುದು ಅನ್ಯಾಯ.

ಹಣದ ಲೆಕ್ಕದಲ್ಲಂತೂ ಈ ಅನ್ಯಾಯ ಎದ್ದು ಕಾಣುತ್ತದೆ. ಅದೇ ಮೆಲ್ಬರ್ನ್‌ನಲ್ಲಿ ಸಿಂಗಲ್ಸ್ ಗೆದ್ದ ಯಾನಿಕ್ ಸಿನ್ನರ್‌ಗೆ 31.5 ಲಕ್ಷ ಆಸ್ಟ್ರೇಲಿಯನ್ ಡಾಲರ್. ಡಬಲ್ಸ್ ಗೆದ್ದ ಜೋಡಿಗೆ ಒಟ್ಟು 7.3 ಲಕ್ಷ, ಅದನ್ನೂ ಇಬ್ಬರು ಹಂಚಿಕೊಳ್ಳಬೇಕು. ಸಿಂಗಲ್ಸ್‌ಗೆ ಪ್ರೇಕ್ಷಕರು ಹೆಚ್ಚು, ಐದು ಸೆಟ್‌ಗಳ ದಣಿವು ಹೆಚ್ಚು, ಆದ್ದರಿಂದ ಅಂತರ ಇರಲಿ. ಎಂಟು ಪಟ್ಟು ಮೀರಿದ ಅಂತರ ಮಾತ್ರ ಒಪ್ಪುವಂಥದ್ದಲ್ಲ. ಪ್ರೇಕ್ಷಕರಿಲ್ಲ ಎನ್ನುವವರು ಡಬಲ್ಸ್ ಪಂದ್ಯಗಳನ್ನು ಮೂಲೆಯ ಅಂಗಣಗಳಿಗೆ ತಳ್ಳಿ, ಟಿವಿಯಲ್ಲಿ ತೋರಿಸದೆ ಇರುವವರೇ.

2025ರಲ್ಲಿ ಅಮೆರಿಕ ಓಪನ್ ಒಂದು ಹೆಜ್ಜೆ ಮುಂದೆ ಹೋಯಿತು. ಮಿಶ್ರ ಡಬಲ್ಸ್ ಅನ್ನು ಮುಖ್ಯ ಟೂರ್ನಿಯ ಹಿಂದಿನ ವಾರಕ್ಕೆ ಸರಿಸಿ, ಬರೀ 16 ಜೋಡಿಗಳಿಗೆ ಇಳಿಸಿ, ಸಿಂಗಲ್ಸ್ ತಾರೆಯರಿಗೆ ಬಾಗಿಲು ತೆರೆಯಿತು. ಹತ್ತು ಲಕ್ಷ ಡಾಲರ್ ಬಹುಮಾನ. ಡಬಲ್ಸ್ ಪರಿಣತರಲ್ಲಿ ಬಹುಪಾಲು ಹೊರಗುಳಿದರು. ಗೆದ್ದವರು ಯಾರು? ಒಳಗೆ ಉಳಿದಿದ್ದ ಪರಿಣತರಾದ ಸಾರಾ ಎರಾನಿ ಮತ್ತು ಮೆಲ್ಬರ್ನ್‌ನಲ್ಲಿ ಬೋಪಣ್ಣ ಎದುರು ಸೋತಿದ್ದ ಅದೇ ವವಾಸ್ಸೊರಿ. ಫೈನಲ್‌ನಲ್ಲಿ ಅವರು ಮಣಿಸಿದ್ದು ಇಗಾ ಶ್ವಾಂಟೆಕ್ ಮತ್ತು ಕ್ಯಾಸ್ಪರ್ ರೂಡ್ ಅವರನ್ನು. ಡಬಲ್ಸ್ ಬೇರೆಯೇ ವಿದ್ಯೆ ಎನ್ನಲು ಇದಕ್ಕಿಂತ ಪುರಾವೆ ಬೇಕಿಲ್ಲ.

ಭಾರತಕ್ಕೆ ಈ ವಿಷಯ ಇನ್ನೂ ಹತ್ತಿರದ್ದು. ನಮ್ಮ ಗ್ರ್ಯಾನ್‌ಸ್ಲಾಮ್ ಪ್ರಶಸ್ತಿಗಳೆಲ್ಲ, ಹಿರಿಯರ ವಿಭಾಗದಲ್ಲಿ, ಡಬಲ್ಸ್‌ನಿಂದಲೇ ಬಂದವು. 1999ರಲ್ಲಿ ಪೇಸ್–ಭೂಪತಿ ನಾಲ್ಕೂ ಗ್ರ್ಯಾನ್‌ಸ್ಲಾಮ್‌ಗಳ ಫೈನಲ್ ತಲುಪಿ ಎರಡನ್ನು ಗೆದ್ದರು. ಬೋಪಣ್ಣ ಆ ಸಾಲಿನವರು. 2025ರ ನವೆಂಬರ್ 1ರಂದು, ಕನ್ನಡ ರಾಜ್ಯೋತ್ಸವದ ದಿನವೇ, ವೃತ್ತಿ ಟೆನಿಸ್‌ಗೆ ವಿದಾಯ ಹೇಳಿದರು. ಆ ವರ್ಷ ಯೂಕಿ ಭಾಂಬ್ರಿ ನ್ಯೂಜಿಲೆಂಡ್‌ನ ಮೈಕೆಲ್ ವೀನಸ್ ಜೊತೆ ಅಮೆರಿಕ ಓಪನ್ ಸೆಮಿಫೈನಲ್ ಆಡಿದ್ದರು. ದಾರಿ ಮುಚ್ಚಿಲ್ಲ, ಆದರೆ ಹುಡುಗರಿಗೆ ಹದಿನೈದರಲ್ಲೇ ವಾಲಿ, ರಿಟರ್ನ್, ಜೊತೆಗಾರನೊಂದಿಗೆ ಚಲಿಸುವುದನ್ನು ಕಲಿಸುವ ತರಬೇತಿ ಬೇಕು. ಸಿಂಗಲ್ಸ್ ಕೈಬಿಟ್ಟ ಮೇಲೆ ಕಲಿತರಾಯಿತು ಎಂದು ಕೂತರೆ ತಡವಾಗುತ್ತದೆ.

ಕಬ್ಬನ್ ಪಾರ್ಕಿನ ಕೆಎಸ್‌ಎಲ್‌ಟಿಎ ಅಂಗಣದಲ್ಲಿ ಬೆಂಗಳೂರು ಓಪನ್ ನಡೆಯುವಾಗ ಡಬಲ್ಸ್ ಪಂದ್ಯಗಳೂ ಇರುತ್ತವೆ. ಆಯೋಜಕರು ಅವನ್ನು ಸಂಜೆಯ ಹೊತ್ತು, ಮುಖ್ಯ ಅಂಗಣದಲ್ಲಿ ಇಡಲಿ. ಟೆನಿಸ್ ಕಲಿಯುವ ಮಕ್ಕಳಿರುವ ಮನೆಯವರು ಈ ಸಲ ಅವರನ್ನು ಕರೆದುಕೊಂಡು ಹೋಗಿ ಒಂದಾದರೂ ಡಬಲ್ಸ್ ಪಂದ್ಯವನ್ನು ಪೂರ್ತಿ ತೋರಿಸಿ.